ಇಂಗ್ಲೆಂಡಿನ ಹಳೆಯ ಊರ ಚರ್ಚನ್ನು ನೋಡುವ ಬಗೆ

ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೋಗುವ ಕೋಲಾರದ ಹಿರಿಯರು ಅಲ್ಲಿನ ಹಳ್ಳಿಗಳ ಮಧ್ಯಯುಗದ ಚರ್ಚುಗಳನ್ನು ಹೊರಗಿನಿಂದಷ್ಟೇ ನೋಡಿ ಮರಳಬಾರದು. ನಮ್ಮ ಸೋಮೇಶ್ವರ ದೇವಾಲಯದಂತೆ ಅಲ್ಲಿಯೂ ದಿಕ್ಕೇ ಮೊದಲ ಸುಳಿವು: ಗುರುಗಳು ಪೂಜೆ ಸಲ್ಲಿಸುವ ಮೇಜಿನಂಥ ಬಲಿಪೀಠ ಪೂರ್ವದ ತುದಿಯಲ್ಲಿರುತ್ತದೆ, ಗೋಪುರ ಸಾಮಾನ್ಯವಾಗಿ ಪಶ್ಚಿಮಕ್ಕಿರುತ್ತದೆ, ಜನರು ಒಳಬರುವ ಬಾಗಿಲು ಹೆಚ್ಚಾಗಿ ದಕ್ಷಿಣದ ಗೋಡೆಯಲ್ಲಿರುತ್ತದೆ.

ಒಳಗೆ ಹೋದೊಡನೆ ಬಾಗಿಲ ಸಮೀಪದ ಕಲ್ಲಿನ ದೀಕ್ಷಾಸ್ನಾನದ ತೊಟ್ಟಿಯ ಅಂಚನ್ನು ಬಗ್ಗಿ ನೋಡಿ. ಕಬ್ಬಿಣದ ಕೊಂಡಿಯನ್ನು ಕಿತ್ತ ಗುರುತು ಕೆಲವು ತೊಟ್ಟಿಗಳಲ್ಲಿ ಈಗಲೂ ಉಳಿದಿದೆ. ಪವಿತ್ರ ಜಲವನ್ನು ಮಾಟಕ್ಕೆ ಕದ್ದೊಯ್ಯದಂತೆ ತೊಟ್ಟಿಗೆ ಮುಚ್ಚಳವಿಟ್ಟು ಬೀಗ ಹಾಕಬೇಕೆಂಬ ಕಟ್ಟಳೆ 1236ರಲ್ಲಿ ಹೊರಟಿತ್ತು.

ಕಾಲವನ್ನು ಊಹಿಸಲು ಕಮಾನುಗಳು ನೆರವಾಗುತ್ತವೆ. ಅರ್ಧವೃತ್ತದ ಕಮಾನು ಬಹುಮಟ್ಟಿಗೆ 12ನೆಯ ಶತಮಾನದ್ದು, ಕಿರಿದಾದ ಚೂಪು ಕಿಟಕಿ 13ನೆಯದು. ನೇರ ಕಲ್ಲುಪಟ್ಟಿಗಳು ಮೇಲಿನವರೆಗೂ ಏರುವ ಅಗಲ ಕಿಟಕಿಗಳು ಹೆಚ್ಚಾಗಿ 1348–49ರ ಮಹಾಮಾರಿ ಪ್ಲೇಗಿನ ನಂತರದವು. ಆದರೆ ಒಂದೇ ಕಿಟಕಿಯನ್ನು ನಂಬಿ ಇಡೀ ಕಟ್ಟಡದ ವಯಸ್ಸನ್ನು ಹೇಳಬೇಡಿ, ಏಕೆಂದರೆ ಹಳೆಯ ಗೋಡೆಗೆ ಹೊಸ ಕಿಟಕಿ ಕೂರಿಸುವುದು ವಾಡಿಕೆಯಾಗಿತ್ತು.

ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು, ಜನ ಸೇರುವ ನೇವ್ ಮತ್ತು ಬಲಿಪೀಠವಿರುವ ಗುರುಗಳ ಚಾನ್ಸೆಲ್ ಕೂಡುವ ಕಮಾನಿನ ಜಾಗ. ಇವೆರಡರ ನಡುವೆ ಕೆತ್ತನೆಯ ಮರದ ತೆರೆ, ಅದರ ಮೇಲೊಂದು ಅಟ್ಟ, ಅದಕ್ಕೂ ಮೇಲೆ ದೊಡ್ಡ ಶಿಲುಬೆ ಇರುತ್ತಿದ್ದವು. ಇಂಗ್ಲೆಂಡಿನ ಚರ್ಚು ರೋಮಿನ ಪೋಪರಿಂದ ಬೇರೆಯಾದ 16ನೆಯ ಶತಮಾನದ ಧರ್ಮಸುಧಾರಣೆಯ ಕಾಲದಲ್ಲಿ ಶಿಲುಬೆಗಳು ಹೋದವು, 1561ರ ಆಜ್ಞೆಯಿಂದ ಅಟ್ಟಗಳೂ ಇಳಿದವು. ಪಕ್ಕದ ಗೋಡೆಯಲ್ಲಿ ಆಳೆತ್ತರಕ್ಕಿಂತ ಮೇಲೆ, ಯಾವ ನೆಲಕ್ಕೂ ಸೇರದ ಪುಟ್ಟ ಬಾಗಿಲೊಂದು ಕಂಡರೆ ಅದು ಆ ಅಟ್ಟಕ್ಕೆ ಹತ್ತುತ್ತಿದ್ದ ದಾರಿಯೆಂದು ತಿಳಿಯಿರಿ. ಅಷ್ಟನ್ನು ಗುರುತಿಸಿದವರಿಗೆ ಬರಿದಾದ ಆ ಕಮಾನು ಮತ್ತೆ ತುಂಬಿಕೊಳ್ಳುತ್ತದೆ.

ಚಾನ್ಸೆಲ್‌ನ ದಕ್ಷಿಣ ಗೋಡೆಯಲ್ಲಿ ತೂತಿರುವ ಸಣ್ಣ ಬೋಗುಣಿಯಂಥ ಗೂಡೇ ಪಿಸೀನಾ. ಪೂಜಾಪಾತ್ರೆ ತೊಳೆದ ನೀರನ್ನು ಅದರಲ್ಲಿ ಸುರಿದರೆ ಅದು ಪವಿತ್ರ ನೆಲಕ್ಕೇ ಇಳಿಯುತ್ತಿತ್ತು. ಪಕ್ಕದ ಕಲ್ಲಿನ ಆಸನಗಳು ಗುರುಗಳಿಗೆ ಮೀಸಲು.

ಹೊರಬಂದ ಮೇಲೆ ದಕ್ಷಿಣದ ಗೋಡೆಯನ್ನೂ ಹುಡುಕಿ: ನಡುವೆ ತೂತು, ಅದರಿಂದ ಹೊರಟ ಗೀರುಗಳು ಕಂಡರೆ ಅದು ಬಲಿಪೂಜೆಯ, ಅಂದರೆ ಚರ್ಚಿನ ಮುಖ್ಯ ಆರಾಧನೆಯಾದ ಮಾಸ್‌ನ, ಹೊತ್ತನ್ನು ತೋರಿಸುತ್ತಿದ್ದ ನೆರಳು ಗಡಿಯಾರ. ಅದು ಬಿಸಿಲೇ ಬೀಳದ ಕಡೆ ಸಿಕ್ಕಿದರೆ, ಆ ಕಲ್ಲನ್ನು ಬೇರೆಡೆಯಿಂದ ತಂದು ಮರುಜೋಡಿಸಿರುವ ಸಾಧ್ಯತೆ ಹೆಚ್ಚು.