ಬಣ್ಣ ಕೆರೆಯುವ ಮುಂಚೆ ಜೋಂಗಾ ಓದಿದ ಕಥೆ

ಹೋದ ವರ್ಷ ಮಳೆ ಹಿಡಿಯುವ ಮುಂಚೆ ಮಿಲಿಟರಿ ಡಿಸ್ಪೋಸಲ್ ಜೋಂಗಾ ಒಂದನ್ನು ತೆಗೆದುಕೊಂಡೆ. ಜೋಂಗಾ ಅಂದರೆ ಸೇನೆಯವರು ಓಡಿಸುತ್ತಿದ್ದ ದೊಡ್ಡ ಜೀಪು. ನೇರ ಹರಾಜಿನಲ್ಲಲ್ಲ, ಲಾಟ್ ಹಿಡಿದಿದ್ದ ಒಬ್ಬರ ಕೈಯಿಂದ. ಗಾಡಿಗೆ 1.8 ಲಕ್ಷದ ಹತ್ತಿರ ಆಯಿತು. ಸೋಮವಾರಪೇಟೆ ತನಕ ಲಾರಿಯಲ್ಲಿ ತರಲು ಇನ್ನೊಂದು 25 ಸಾವಿರ. ಜೊತೆಗೆ ಎರಡು ಗೋಣಿಚೀಲ ತುಂಬ ಸಾಮಾನು ಬಂತು. ಸರಳು, ಕ್ಲಿಪ್ಪು, ಕೊಕ್ಕೆ, ಪ್ಲೇಟು, ಪಾನಾ. ಏನು ಎಲ್ಲಿಗೆ ಅಂತ ಕೊಟ್ಟವರಿಗೂ ಗೊತ್ತಿಲ್ಲ. ಗುಜರಿಗೆ ಹಾಕಿ, ಎರಡು ಸಾವಿರ ಸಿಗುತ್ತೆ ಅಂದರು.

ಆಲಿವ್ ಗ್ರೀನ್ ಬಣ್ಣ ಸಿವಿಲ್ ಗಾಡಿಗೆ ಇರುವ ಹಾಗಿಲ್ಲ, ನಿಮಗೆ ಗೊತ್ತೇ ಇದೆ. ಹಾಗಾಗಿ ಮಿಲಿಟರಿ ಗಾಡಿ ತಂದವರು ಮೊದಲು ಮಾಡುವ ಕೆಲಸ ಬಣ್ಣ ಕೆರೆಯುವುದು. ನಾನು ಕೆರೆಯಲಿಲ್ಲ. ಐದು ವಾರ ಕಾಫಿ ಶೆಡ್ಡಿನಲ್ಲಿ ಹಾಗೇ ನಿಲ್ಲಿಸಿದೆ. ಪೇಂಟರ್ ಎರಡು ಸಲ ಬಂದು ವಾಪಸ್ ಹೋದ. ತಮ್ಮ ಮಾತು ಬಿಟ್ಟ. ಪಕ್ಕದ ತೋಟದ ಹವಾಲ್ದಾರ್ ಮಾವ ಮಿಲಿಟರಿಯಲ್ಲಿ ಇಂಥದೇ ಗಾಡಿ ಓಡಿಸಿದವರು. ಅವರೂ "ಬಣ್ಣ ನೋಡಿ ಸಾಮಾನು ಗುರುತು ಹಿಡಿಯೋಕಾಗುತ್ತಾ ಮಾರಾಯ?" ಅಂದರು.

ಹಿಡಿಯಬಹುದು. ಮಿಲಿಟರಿಯಲ್ಲಿ ಗಾಡಿಗೆ ಮತ್ತೆ ಮತ್ತೆ ಬಣ್ಣ ಹೊಡೆದಿರುತ್ತಾರೆ. ಎಷ್ಟೋ ಸಲ ಸಾಮಾನು ಬಿಚ್ಚದೆ ಅದರ ಮೇಲೇ ಬಳಿದಿರುತ್ತಾರೆ. ಆ ಸಾಮಾನು ಕೂತಿದ್ದ ಜಾಗದಲ್ಲಿ ಹಳೇ ಹಸಿರು ಹಾಗೇ ಉಳಿದಿರುತ್ತದೆ. ಗೋಡೆಯಿಂದ ಕ್ಯಾಲೆಂಡರ್ ತೆಗೆದರೆ ಅದರ ಜಾಗ ಕಾಣುತ್ತದಲ್ವಾ, ಹಾಗೆ.

ಆದರೆ ಈ ಬುದ್ಧಿ ಮೊದಲ ವಾರ ಇರಲಿಲ್ಲ. ಆ ವಾರವೇ ದೊಡ್ಡ ನಷ್ಟ ಆಗಿದ್ದು. ಮೆಕ್ಯಾನಿಕ್ ಹುಡುಗ ಕೆಳಗೆ ಮಲಗಿ, "ಅಣ್ಣಾ, ಈ ವೈರಿಗೆ ಕೆಲಸವೇ ಇಲ್ಲ" ಅಂತ ಹಿಂದಕ್ಕೆ ಹೋಗುತ್ತಿದ್ದ ಒಂದು ವೈರನ್ನು ಕತ್ತರಿಸಿದ. ಅದರ ತುದಿಯಲ್ಲಿದ್ದ ಬೆರಳುದ್ದದ ಡಬ್ಬಿಯನ್ನೂ ಕಿತ್ತ. ಆಮೇಲೆ ಹಿಂದಿನ ಡಿಫರೆನ್ಷಿಯಲ್ ಗುಂಡಿನ, ಅಂದರೆ ಎರಡು ಹಿಂಚಕ್ರದ ನಡುವಿನ ಗೇರ್ ಗುಂಡಿನ, ಮೇಲಿನ ಕೆಸರು ಒರೆಸಿದಾಗ ಹಸಿರಿನ ಅಡಿಯಲ್ಲಿ ಬಿಳಿ ಬಣ್ಣ ಕಂಡಿತು. ಆಗ ಅರ್ಥ ಆಯಿತು. ಅದು ಕಾನ್ವಾಯ್ ಲೈಟು. ರಾತ್ರಿ ಹೆಡ್‌ಲೈಟ್ ಆರಿಸಿ ಸಾಲಾಗಿ ಹೋಗುವಾಗ ಆ ಸಣ್ಣ ದೀಪ ಬಿಳಿ ಗುಂಡಿನ ಮೇಲೆ ಬೀಳುತ್ತದೆ. ಹಿಂದಿನ ಡ್ರೈವರ್ ಅದನ್ನೇ ನೋಡಿಕೊಂಡು ಅಂತರ ಇಟ್ಟುಕೊಂಡು ಬರುತ್ತಾನೆ. ಮತ್ತೆ ವೈರಿಂಗ್ ಮಾಡಿಸಿ, ಡಬ್ಬಿ ಕೂರಿಸಿ, ಎಲ್ಲ ಸೇರಿ ಆರೇಳು ಸಾವಿರ ಹೋಯಿತು. ಅವತ್ತೇ ಎಲ್ಲರ ಕೈ ನಿಲ್ಲಿಸಿದೆ.

ನಾನು ಮಾಡಿದ್ದು ಇಷ್ಟು. ಚೀಲದ ಒಂದೊಂದು ಸಾಮಾನನ್ನೂ ರಟ್ಟಿನ ಮೇಲಿಟ್ಟು ಪೆನ್ಸಿಲ್ ಎಳೆದು ಕತ್ತರಿಸಿದೆ. 43 ರಟ್ಟು ಆಯಿತು. ರಾತ್ರಿ ಶೆಡ್ಡಿನ ದೀಪ ಆರಿಸಿ ಟಾರ್ಚನ್ನು ತಗಡಿಗೆ ಒರಗಿಸಿ ಅಡ್ಡಕ್ಕೆ ಬೆಳಕು ಬಿಟ್ಟೆ. ಹಗಲು ಕಾಣದ ಅಂಚುಗಳು ಆಗ ಎದ್ದು ಬರುತ್ತವೆ. ಟಾರ್ಚ್ ಹಿಡಿಯುವ ಮುಂಚೆ ಬಣ್ಣದ ಮೇಲೆ ಒಂದು ಎಣ್ಣೆ ಸವರುತ್ತೇನೆ. ಯಾವ ಎಣ್ಣೆ, ಎಷ್ಟು ಹೊತ್ತು ಅನ್ನುವುದು ನನ್ನ ಹತ್ತಿರವೇ ಇರಲಿ. ಆ ಅಂಚಿಗೆ ಯಾವ ರಟ್ಟು ಹೊಂದುತ್ತದೆ ಅಂತ ರಟ್ಟು ಹಿಡಿದು ಗಾಡಿ ಸುತ್ತಿದೆ. ಮೊದಲ ರಾತ್ರಿ ನಾಲ್ಕು ಸಿಕ್ಕವು. ಎರಡು ವಾರದಲ್ಲಿ 30ರ ಹತ್ತಿರ.

ಮೂರು ಸರಳುಗಳು ಮಾತ್ರ ತುಂಬಾ ಸತಾಯಿಸಿದವು. ಮೂರೂ ಒಂದೇ ದಪ್ಪ, ಹೆಚ್ಚುಕಡಿಮೆ ಒಂದೇ ಉದ್ದ. ಮೂರನ್ನೂ ಜಾಕ್ ಸರಳು ಅಂದುಕೊಂಡಿದ್ದೆವು. ಒಂದರ ತುದಿ ಕೊಕ್ಕೆ, ಅದು ಜಾಕಿನದೇ. ಇನ್ನೊಂದರ ತುದಿಯಲ್ಲಿ ಅಡ್ಡಕ್ಕೆ ಒಂದು ಪಿನ್ ಹೊಡೆದಿತ್ತು. ಆ ಪಿನ್ನಿನ ಒಂದು ಮೈ ತುಕ್ಕು ಹಿಡಿದು ಕಪ್ಪಾಗಿದೆ, ಇನ್ನೊಂದು ಮೈ ಬೆಳ್ಳಿಯ ಹಾಗೆ ಸವೆದು ಹೊಳೆಯುತ್ತಿದೆ. ಒಂದೇ ದಿಕ್ಕಿಗೆ ತಿರುಗಿಸಿದರೆ ಮಾತ್ರ ಹೀಗೆ ಸವೆಯುತ್ತದೆ. ಬಂಪರಿನ ತೂತಿನಿಂದ ಒಳಗೆ ಬಿಟ್ಟೆ. ಟಕ್ ಅಂತ ಕ್ರ್ಯಾಂಕ್ ಹಿಡಿಯಿತು. ಸ್ಟಾರ್ಟಿಂಗ್ ಹ್ಯಾಂಡಲ್ ಅದು. ನಾಲ್ಕು ಲೀಟರಿಗೆ ಹತ್ತಿರದ ಆರು ಸಿಲಿಂಡರ್ ಪೆಟ್ರೋಲ್ ಇಂಜಿನ್ನನ್ನು ಸೆಲ್ಫ್ ಸ್ಟಾರ್ಟರ್ ಮುಟ್ಟದೆ ಅದರಿಂದಲೇ ಎಬ್ಬಿಸಿದೆ, ಮೂರನೇ ಸಲಕ್ಕೆ. ತಮ್ಮ ಅವತ್ತು ಮಾತಾಡಿದ. ಮೂರನೇ ಸರಳು ಸ್ಪಾರ್ಕ್ ಪ್ಲಗ್ ಬಿಚ್ಚುವ ಪಾನಾಕ್ಕೆ ತೂರಿಸುವುದು.

ಸೀಟಿನ ಪಕ್ಕದ ಎರಡು ಸ್ಪ್ರಿಂಗ್ ಕ್ಲಿಪ್ಪು, ಅದರ ಕೆಳಗೆ ನೆಲದಲ್ಲಿ ರಬ್ಬರ್ ಹಾಕಿದ ಬಟ್ಟಲು. ಮೆಕ್ಯಾನಿಕ್ ಅದನ್ನು ಕೊಡೆ ಸ್ಟ್ಯಾಂಡ್ ಅಂದಿದ್ದ. ಬಟ್ಟಲಿನ ತಳದಲ್ಲಿ ರೈಫಲ್ ಹಿಂಬದಿಯ ಅಚ್ಚು ಸ್ಪಷ್ಟ ಇತ್ತು. ಹವಾಲ್ದಾರ್ ಮಾವ ಕೂತು ಅದನ್ನು ಬೆರಳಲ್ಲಿ ಸವರಿ ನೋಡಿದರು. ಆಮೇಲಿಂದ ದಿನಾ ಸಂಜೆ ಬರಲು ಶುರು ಮಾಡಿದರು.

ಮುಂದಿನ ಬಂಪರಿನ ಹಳದಿ ಗುಂಡು ತಟ್ಟೆ ಅಲಂಕಾರಕ್ಕಲ್ಲ, ಸೇತುವೆ ಮೇಲೆ ಎಷ್ಟು ಭಾರದ ಗಾಡಿ ಅಂತ ತೋರಿಸುವುದು. ಬಾಣದ ಗುರುತಿನ ನಂಬರ್ ಪ್ಲೇಟಿನಲ್ಲಿ ಮೊದಲ ಎರಡು ಅಂಕಿ ಸೇನೆಗೆ ಬಂದ ವರ್ಷ. ನನ್ನದು 89. ಜಬಲ್ಪುರದಲ್ಲಿ 1969ರಿಂದ 1999ರ ತನಕ ಜೋಂಗಾ ಮಾಡಿದರು, ಹಾಗಾಗಿ ನನ್ನದು ಕೊನೆಯ ಹತ್ತು ವರ್ಷದ ಮಾಲು.

ಎಣ್ಣೆ ಕಾಗದ ಸುತ್ತಿದ್ದ ಕೆಲವಕ್ಕೆ ನಂಬರ್ ಇತ್ತು. ಜೋಂಗಾ ಮೂಲದಲ್ಲಿ ನಿಸಾನ್ ಪಟ್ರೋಲ್ ತಾನೇ. ನಿಸಾನ್ ನಂಬರಿನ ಮೊದಲ ಐದು ಅಂಕಿ ಏನು ಸಾಮಾನು ಅಂತ ಹೇಳುತ್ತದೆ. 21010 ಅಂದರೆ ವಾಟರ್ ಪಂಪ್, 15208 ಆಯಿಲ್ ಫಿಲ್ಟರ್, 11044 ಹೆಡ್ ಗ್ಯಾಸ್ಕೆಟ್. ಅಂಗಡಿಯವರು ಪೂರ್ತಿ ನಂಬರ್ ಹುಡುಕಿ ಸಿಗಲ್ಲ ಅಂತಾರೆ. ಮೊದಲ ಐದೇ ನೋಡಿ, ಅರ್ಧ ಕೆಲಸ ಮುಗಿಯಿತು.

ತುಕ್ಕಿನಲ್ಲಿ ಮುಚ್ಚಿದ ನಂಬರಿಗೆ ಕಾಚಂಪುಳಿ, ಅಂದರೆ ಕೊಡಗಿನ ಅಡುಗೆಗೆ ಹಾಕುವ ಕಪ್ಪು ಹುಳಿ ರಸ, ಪ್ರಯೋಗ ಮಾಡಿದೆ. ಮನೆಯಲ್ಲಿ ಬೈದರು, ಅದರ ರೇಟು ನಿಮಗೆ ಗೊತ್ತಲ್ಲ. ಒಂದಕ್ಕೆ ಐದು ನೀರು ಬೆರೆಸಿ ಕಬ್ಬಿಣದ ಪ್ಲೇಟು ರಾತ್ರಿ ಇಟ್ಟರೆ ಬೆಳಿಗ್ಗೆ ತುಕ್ಕು ಬೆರಳಿಗೇ ಬರುತ್ತದೆ. ಒಣಗಿಸಿ ಸೀಮೆಸುಣ್ಣ ತಿಕ್ಕಿದರೆ ಅಕ್ಷರ ಬೆಳ್ಳಗೆ ಕೂರುತ್ತದೆ. ಇದೇ ಧೈರ್ಯದಲ್ಲಿ ಒಂದು ಹಿತ್ತಾಳೆ ಪ್ಲೇಟನ್ನೂ ಮುಳುಗಿಸಿದೆ. ನೀರು ಬೆರೆಸಲಿಲ್ಲ, ಎರಡು ದಿನ ಮರೆತೆ. ತೆಗೆದಾಗ ತಾಮ್ರದ ಹಾಗೆ ಕೆಂಪಗೆ ತಿರುಗಿತ್ತು. ಸಣ್ಣ ಅಕ್ಷರ ಹೋಗೇ ಬಿಟ್ಟಿತ್ತು. ಅದರಲ್ಲಿ ಏನಿತ್ತೋ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಹಿತ್ತಾಳೆಗೆ ಬರೀ ಸೋಪಿನ ನೀರು ಸಾಕು.

ಎಂಟು ಸಾಮಾನು ಜೋಂಗಾದ್ದೇ ಅಲ್ಲ. ಅದರಲ್ಲಿ ಎರಡು ಡೀಸೆಲ್ ಇಂಜೆಕ್ಟರ್ ಇದ್ದವು, ಪೆಟ್ರೋಲ್ ಗಾಡಿಗೆ ಅವು ಯಾಕೆ? ಮರ ಎಳೆಯಲು ಹಳೇ ಶಕ್ತಿಮಾನ್ ಮಿಲಿಟರಿ ಲಾರಿ ಇಟ್ಟುಕೊಂಡಿರುವ ಒಬ್ಬರಿಗೆ ತೋರಿಸಿದೆ. ಇನ್ನೂ ಎರಡು ಬೇರೆ ತುಂಡು ಸೇರಿಸಿ 9 ಸಾವಿರಕ್ಕೆ ಅವರೇ ತೆಗೆದುಕೊಂಡರು. ವೈರಿಂಗ್ ದುಡ್ಡು ಬಂತು, ಮೇಲೆ ಸ್ವಲ್ಪ ಉಳಿಯಿತು. ಇನ್ನು ನಾಲ್ಕು ನಟ್ಟಿನ ಮೇಲೆ ಎಲ್ ಅಂತ ಒತ್ತಿತ್ತು, ಎಡಕ್ಕೆ ತಿರುಗಿಸಿದರೆ ಬಿಗಿಯುವ ಉಲ್ಟಾ ಮರೆ. ಅಪ್ಪನ ವಿಲ್ಲೀಸ್ ಜೀಪಿನ ಎಡಗಡೆ ಚಕ್ರಕ್ಕೆ ಸಲೀಸಾಗಿ ಕೂತವು.

ಈಗ ಗಾಡಿ ಬೂದು ಬಣ್ಣದಲ್ಲಿದೆ, ಪೇಂಟರಿಗೂ ಸಮಾಧಾನ. ಬಳಿಯುವ ಮುಂಚೆ ಎಲ್ಲ ಅಚ್ಚುಗಳನ್ನೂ ಅಳತೆ ಸಮೇತ ಬಟರ್ ಪೇಪರಿನಲ್ಲಿ ಇಳಿಸಿಕೊಂಡಿದ್ದೇನೆ. ಒಂದು ಅಚ್ಚಿಗೆ ಮಾತ್ರ ಸಾಮಾನು ಸಿಕ್ಕಿಲ್ಲ. ಡ್ರೈವರ್ ಸೀಟಿನ ಅಡಿ, ಒಂದು ಗೇಣು ಉದ್ದ, ಒಂದು ತುದಿ ಚಮಚದ ಹಾಗೆ ಅಗಲ, ನಡುವೆ ಚರ್ಮದ ಪಟ್ಟಿ ಕಟ್ಟಿದ್ದ ಎರಡು ತೂತು. ಹವಾಲ್ದಾರ್ ಮಾವನಿಗೂ ನೆನಪಾಗುತ್ತಿಲ್ಲ. ಬಣ್ಣ ಕೆರೆಯದ ಜೋಂಗಾ ಯಾರ ಹತ್ತಿರ ಇದ್ದರೂ ಒಂದು ಸಲ ಸೀಟು ಎತ್ತಿ ನೋಡಿ ಹೇಳಿ. ರಟ್ಟು ಕತ್ತರಿಸಿ ಇಟ್ಟಿದ್ದೇನೆ.