ದಮನದ ನಡುವೆ ಸಂವಿಧಾನ ಬದಲಾವಣೆಗೆ ಬೀದಿಗಿಳಿಯುವುದು ಹೇಗೆ: 1987ರ ಕೊರಿಯಾದಿಂದ ಕಲಿಯಬೇಕಾದ ಕ್ರಮ

ಸಂವಿಧಾನ ತಿದ್ದುಪಡಿಯಂಥ ಒಣ ವಿಷಯಕ್ಕೆ ಜನರನ್ನು ಬೀದಿಗೆ ಕರೆಯುವುದೇ ಕಷ್ಟ. ಬಂದವರನ್ನು ಪೊಲೀಸ್ ವ್ಯಾನಿಗೆ ತುಂಬುವ ಆಡಳಿತದಲ್ಲಿ ಇನ್ನೂ ಕಷ್ಟ. ಇಂಥ ಚಳವಳಿಗೆ ಕೈಹಾಕುವ ನಾಗರಿಕ ಸಂಘಟನೆಗಳು ದಕ್ಷಿಣ ಕೊರಿಯಾದ 1987ರ ಜೂನ್ ತಿಂಗಳನ್ನು ದಿನದಿನವಾಗಿ ಓದಿಕೊಳ್ಳುವುದು ಒಳ್ಳೆಯದು. 1979ರ ಡಿಸೆಂಬರಿನಲ್ಲಿ ಸೇನೆಯ ಬಲದಿಂದ ಮೇಲೆ ಬಂದ ಚುನ್ ಡೂ-ಹ್ವಾನ್, ಮರುವರ್ಷ ಗ್ವಾಂಗ್ಜು ನಗರದ ಜನರ ಮೇಲೆ ಸೈನ್ಯವನ್ನು ಬಿಟ್ಟಿದ್ದರು. ಅದೇ ವರ್ಷ ಅವರು ತಂದ ಸಂವಿಧಾನದಲ್ಲಿ ರಾಷ್ಟ್ರಾಧ್ಯಕ್ಷರನ್ನು ಆರಿಸುವ ಅಧಿಕಾರವಿದ್ದುದು ಐದು ಸಾವಿರಕ್ಕೂ ಮಿಕ್ಕ ಪ್ರತಿನಿಧಿಗಳ ಮಂಡಳಿಗೆ. 1987ರ ಏಪ್ರಿಲ್ 13ರಂದು ಅವರು ತಿದ್ದುಪಡಿಯ ಚರ್ಚೆಯನ್ನೇ ನಿಲ್ಲಿಸಿದರು. ಹನ್ನೊಂದು ವಾರಗಳ ನಂತರ, ಜೂನ್ 29ರಂದು, ಅವರೇ ಆರಿಸಿದ್ದ ಉತ್ತರಾಧಿಕಾರಿ ರೋ ಟೇ-ವೂ ನೇರ ಚುನಾವಣೆಗೆ ಒಪ್ಪಬೇಕಾಯಿತು.

ಮೊದಲ ಕೆಲಸ ಬೇಡಿಕೆಯನ್ನು ಒಂದಕ್ಕೆ ಇಳಿಸುವುದು. ಇದು ಕೇಳುವುದಕ್ಕೆ ಸುಲಭ. ಸಂಘಟನೆಗಳ ಒಕ್ಕೂಟಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. 1986ರ ಮೇ 3ರಂದು ಇಂಚಿಯಾನ್‌ನಲ್ಲಿ ತಿದ್ದುಪಡಿಗಾಗಿ ಸೇರಿದ್ದ ಗುಂಪುಗಳು ತಮ್ಮ ತಮ್ಮ ಘೋಷಣೆಗಳನ್ನು ಹೊತ್ತು ಬಂದವು, ಸಭೆ ಕಲ್ಲು ಬೆಂಕಿಗೆ ತಿರುಗಿತು, ಸರ್ಕಾರಕ್ಕೆ ಸಾಮೂಹಿಕ ಬಂಧನಕ್ಕೆ ಬೇಕಾದ ನೆಪ ಸಿಕ್ಕಿತು. ಮರುವರ್ಷ ಅದೇ ಗುಂಪುಗಳಲ್ಲಿ ಅನೇಕವು ‘ರಾಷ್ಟ್ರಾಧ್ಯಕ್ಷರನ್ನು ನಾವೇ ಆರಿಸುತ್ತೇವೆ’ ಎಂಬ ಒಂದೇ ಮಾತಿಗೆ ಒಪ್ಪಿಕೊಂಡವು. ಭೂಮಿ, ಕೂಲಿ, ವಿದೇಶಾಂಗ ನೀತಿ ಎಲ್ಲವೂ ಮುಖ್ಯವೇ. ಆದರೆ ಅಂಗಡಿಯವನೂ ಬ್ಯಾಂಕಿನ ಗುಮಾಸ್ತನೂ ಹಿಂದೆಮುಂದೆ ನೋಡದೆ ಹೇಳಬಲ್ಲ ವಾಕ್ಯ ಯಾವುದೋ ಅದನ್ನೇ ಬ್ಯಾನರಿನ ಮೇಲೆ ಬರೆಯಬೇಕು.

ಎರಡನೆಯದಾಗಿ, ವೇದಿಕೆಯನ್ನು ಅಗಲವಾಗಿ ಕಟ್ಟಬೇಕು. ಮೇ 27ರಂದು ರಾಜಧಾನಿ ಸೋಲ್‌ನಲ್ಲಿ ಹುಟ್ಟಿದ ರಾಷ್ಟ್ರೀಯ ಚಳವಳಿ ಕೇಂದ್ರದಲ್ಲಿ ಕ್ಯಾಥೊಲಿಕ್ ಪಾದ್ರಿಗಳು, ಪ್ರಾಟೆಸ್ಟೆಂಟ್ ಪಾಸ್ಟರುಗಳು, ಬೌದ್ಧ ಭಿಕ್ಷುಗಳು, ಮಹಿಳಾ ಸಂಘಟನೆಗಳು, ರೈತರು, ವಕೀಲರು, ವಿರೋಧ ಪಕ್ಷದ ರಾಜಕಾರಣಿಗಳು ಒಟ್ಟಿಗಿದ್ದರು. ಸ್ಥಾಪಕರ ಪಟ್ಟಿ ಎರಡು ಸಾವಿರ ಹೆಸರುಗಳನ್ನು ದಾಟಿತ್ತು. ಹತ್ತು ಹೆಸರಿನ ಸಮಿತಿಯನ್ನು ಒಂದೇ ರಾತ್ರಿಯಲ್ಲಿ ಎತ್ತಿಕೊಂಡು ಹೋಗಬಹುದು, ಎರಡು ಸಾವಿರ ಹೆಸರಿನ ಪಟ್ಟಿಯನ್ನು ಹಾಗೆ ಮುಗಿಸಲಾಗದು. ಮುಂದಾಳುಗಳು ಗೃಹಬಂಧನದಲ್ಲಿರುತ್ತಾರೆ ಎಂದೇ ಎಣಿಸಿ ಕಾರ್ಯಕ್ರಮ ರೂಪಿಸಬೇಕು: ಪ್ರತಿಯೊಂದು ಊರಿನಲ್ಲಿ ಮೇಲಿನಿಂದ ಆದೇಶಕ್ಕೆ ಕಾಯದೆ ನಡೆಸಬಲ್ಲವರು ಇರಬೇಕು, ದಿನ ಮತ್ತು ಗಂಟೆ ಮೊದಲೇ ಬಹಿರಂಗವಾಗಿರಬೇಕು.

ಜನರ ಸಿಟ್ಟಿಗೆ ಆಧಾರವಾಗುವ ಸತ್ಯಾಂಶವನ್ನು ಜೋಪಾನವಾಗಿ ಬಳಸಬೇಕು. ಆ ವರ್ಷದ ಜನವರಿ 14ರಂದು ವಿದ್ಯಾರ್ಥಿ ಪಾರ್ಕ್ ಜೋಂಗ್-ಚೋಲ್ ಪೊಲೀಸ್ ವಿಚಾರಣೆಯಲ್ಲಿ ಸತ್ತಾಗ, ಮೇಜನ್ನು ಗುದ್ದಿದ ಸದ್ದಿಗೆ ಹುಡುಗ ಕುಸಿದುಬಿದ್ದ ಎಂದು ಅಧಿಕಾರಿಗಳು ಹೇಳಿದರು. ಚಿತ್ರಹಿಂಸೆಯನ್ನು ಒಪ್ಪಿಕೊಂಡ ಮೇಲೂ ತಪ್ಪಿತಸ್ಥರ ಸಂಖ್ಯೆಯನ್ನು ಮುಚ್ಚಿಟ್ಟಿದ್ದರು. ಆ ಮುಚ್ಚುಮರೆ ಬಯಲಾದದ್ದು ಮೇ 18ರಂದು ಮ್ಯೋಂಗ್‌ಡೋಂಗ್ ಕ್ಯಾಥೆಡ್ರಲ್‌ನಲ್ಲಿ, ಗ್ವಾಂಗ್ಜು ಸ್ಮರಣೆಯ ಪ್ರಾರ್ಥನೆಯ ದಿನ, ನ್ಯಾಯಕ್ಕಾಗಿ ದುಡಿಯುವ ಪಾದ್ರಿಗಳ ಸಂಘದ ಬಾಯಿಂದ. ಆಡಳಿತವೂ ಸುಳ್ಳೆನ್ನಲು ಹಿಂಜರಿಯುವ ವ್ಯಕ್ತಿಯಿಂದ, ಪೊಲೀಸರು ನುಗ್ಗಲು ಅಳುಕುವ ಸ್ಥಳದಿಂದ, ಪರಿಶೀಲಿಸಿದ ಸಂಗತಿಯನ್ನು ಮಾತ್ರ ಹೊರಗೆ ಬಿಡಬೇಕು. ಒಂದು ಉತ್ಪ್ರೇಕ್ಷೆ ಸಿಕ್ಕಿಬಿದ್ದರೆ ಉಳಿದ ಒಂಬತ್ತು ನಿಜಗಳೂ ಹೋಗುತ್ತವೆ.

ಇನ್ನು ಪ್ರತಿಭಟನೆಯ ದಿನ. ಜೂನ್ 10ರ ಯೋಜನೆಯನ್ನು ಮಾದರಿಯೆಂದು ಇಟ್ಟುಕೊಳ್ಳಬಹುದು, ಏಕೆಂದರೆ ಅದರಲ್ಲಿ ಮೆರವಣಿಗೆಗೆ ಬರಲಾರದವರಿಗೂ ಕೆಲಸವಿತ್ತು. ಸಂಜೆ ಆರಕ್ಕೆ ರಾಷ್ಟ್ರಧ್ವಜ ಇಳಿಸುವ ಹೊತ್ತಿಗೆ ವಾಹನಗಳು ಹಾರ್ನ್ ಮಾಡಬೇಕು, ಚರ್ಚು ಮತ್ತು ಬೌದ್ಧ ಮಂದಿರಗಳ ಗಂಟೆಗಳು ಮೊಳಗಬೇಕು, ಇದ್ದಲ್ಲಿಯೇ ನಿಂತು ರಾಷ್ಟ್ರಗೀತೆ ಹಾಡಬೇಕು. ರಾತ್ರಿ ಒಂಬತ್ತರಿಂದ ಹತ್ತು ನಿಮಿಷ ಮನೆಯ ದೀಪ ಆರಿಸಿ, ಟಿ.ವಿ. ವಾರ್ತೆಯನ್ನು ನೋಡದೆ ಬಿಡಬೇಕು. ಹಾರ್ನ್ ಒತ್ತಿದ ಟ್ಯಾಕ್ಸಿ ಚಾಲಕನನ್ನು, ರಾಷ್ಟ್ರಗೀತೆ ಹಾಡಿದ ಮುದುಕಿಯನ್ನು ಯಾವ ಕಲಮಿನಡಿ ಹಿಡಿಯುವುದು? ಮುಂದಾಳುಗಳಲ್ಲಿ ಕೆಲವರು ಮುಂಚಿತವಾಗಿಯೇ ಸೋಲ್‌ನ ಆಂಗ್ಲಿಕನ್ ಕ್ಯಾಥೆಡ್ರಲ್ ಒಳಸೇರಿ, ಪೊಲೀಸ್ ಕಾವಲಿನ ನಡುವೆಯೇ ಆರು ಗಂಟೆಗೆ ಗಂಟೆಯನ್ನು ನಲವತ್ತೆರಡು ಬಾರಿ ಬಾರಿಸಿದರು; 1945ರಲ್ಲಿ ಜಪಾನಿನ ಆಳ್ವಿಕೆಯಿಂದ ಬಿಡುಗಡೆಯಾಗಿ ಅಷ್ಟು ವರ್ಷಗಳಾಗಿದ್ದವು. ಅಂದು ಇಪ್ಪತ್ತಕ್ಕೂ ಹೆಚ್ಚು ನಗರಗಳಲ್ಲಿ ಜನ ಬೀದಿಗಿಳಿದರು. ನಿಮ್ಮ ಕರೆಯಲ್ಲೂ ಮನೆಯೊಳಗೆ ಮಾಡುವ ಕೆಲಸ, ಬಾಗಿಲಲ್ಲಿ ನಿಂತು ಮಾಡುವ ಕೆಲಸ, ರಸ್ತೆಗೆ ಬಂದು ಮಾಡುವ ಕೆಲಸ ಎಂದು ಮೂರು ಮೆಟ್ಟಿಲಿರಲಿ; ಮೊದಲನೆಯದನ್ನು ಮಾಡಿದವರಲ್ಲಿ ಕೆಲವರು ಮುಂದಿನ ವಾರ ಎರಡನೆಯದಕ್ಕೆ ಬರುತ್ತಾರೆ.

ಹಿಮ್ಮೆಟ್ಟುವ ಜಾಗವನ್ನೂ ಮೊದಲೇ ಗೊತ್ತುಮಾಡಬೇಕು. ಆ ರಾತ್ರಿ ಬೆನ್ನಟ್ಟಿಸಿಕೊಂಡ ನೂರಾರು ಜನ ಮ್ಯೋಂಗ್‌ಡೋಂಗ್ ಕ್ಯಾಥೆಡ್ರಲ್ ಆವರಣ ಸೇರಿ ಜೂನ್ 15ರವರೆಗೆ ಅಲ್ಲಿಯೇ ಉಳಿದರು. ಪಕ್ಕದ ಬಾಲಕಿಯರ ಪ್ರೌಢಶಾಲೆಯ ಹುಡುಗಿಯರು ತಮ್ಮ ಊಟದ ಡಬ್ಬಿಗಳನ್ನು ಒಳಗೆ ಕಳಿಸಿದರು, ಮಧ್ಯಾಹ್ನದ ಬಿಡುವಿನಲ್ಲಿ ಟೈ ಕಟ್ಟಿದ ಕಚೇರಿ ನೌಕರರು ಬೀದಿಗೆ ಬಂದು ಘೋಷಣೆ ಕೂಗಿದರು. ನುಗ್ಗುವುದಾದರೆ ಮೊದಲು ನನ್ನನ್ನು, ಆಮೇಲೆ ಪಾದ್ರಿಗಳನ್ನು, ಆಮೇಲೆ ಸನ್ಯಾಸಿನಿಯರನ್ನು ತುಳಿದು ಹೋಗಬೇಕು ಎಂಬರ್ಥದಲ್ಲಿ ಕಾರ್ಡಿನಲ್ ಕಿಮ್ ಸೂ-ಹ್ವಾನ್ ಸರ್ಕಾರಕ್ಕೆ ತಿಳಿಸಿದರು.

ದೇಹದ ಸುರಕ್ಷತೆಯ ಬಗ್ಗೆ ಸಂಕೋಚವಿಲ್ಲದೆ ಕಟ್ಟುನಿಟ್ಟಾಗಿರಬೇಕು. ಜೂನ್ 9ರಂದು ಯೋನ್ಸೇ ವಿಶ್ವವಿದ್ಯಾಲಯದ ಗೇಟಿನ ಬಳಿ ಅಶ್ರುವಾಯು ಶೆಲ್ ತಲೆಗೆ ಬಡಿದ ಲೀ ಹಾನ್-ಯೋಲ್ ಜುಲೈ 5ರಂದು ತೀರಿಕೊಂಡರು. ಶೆಲ್ಲನ್ನು ಮೇಲಕ್ಕೆ ಹಾರಿಸದೆ ನೇರವಾಗಿ ಹೊಡೆಯುವ ಪೊಲೀಸರೆದುರು ಮುಂದಿನ ಸಾಲು ತಲೆಗಾಪು ಧರಿಸಬೇಕು, ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಯಾರೂ ಬರಬಾರದು, ಕಣ್ಣು ತೊಳೆಯಲು ಶುದ್ಧ ನೀರು ಕೈಗೆಟುಕುವಂತಿರಬೇಕು. ಕೊರಿಯಾದ ಹುಡುಗರು ಕಣ್ಣಿನ ಕೆಳಗೆ ಟೂತ್‌ಪೇಸ್ಟ್ ಬಳಿದುಕೊಳ್ಳುತ್ತಿದ್ದರು. ಅದನ್ನು ಅನುಕರಿಸುವ ಅಗತ್ಯವಿಲ್ಲ. ಬಂಧಿತರ ಹೆಸರು ಬರೆದುಕೊಳ್ಳುವವರು, ವಕೀಲರಿಗೆ ಸುದ್ದಿ ಮುಟ್ಟಿಸುವವರು ಗುಂಪಿನ ಹೊರಗೇ ಇರಬೇಕು.

ಪೊಲೀಸ್ ಸಾಲಿನಲ್ಲಿ ನಿಂತವರೂ ಕಡ್ಡಾಯ ಸೇವೆಗೆ ಬಂದ ಅದೇ ವಯಸ್ಸಿನ ಹುಡುಗರು ಎಂಬುದನ್ನು ಚಳವಳಿ ಮರೆಯಲಿಲ್ಲ. ಜೂನ್ 18ನ್ನು ಅಶ್ರುವಾಯು ವಿರೋಧಿ ದಿನವೆಂದು ಕರೆದಾಗ ಮಹಿಳೆಯರು ಅವರಿಗೆ ಹೂ ಕೊಡಲು ಮುಂದಾದರು. ಜೂನ್ 26ರ ಶಾಂತಿ ಮೆರವಣಿಗೆಗೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದರೆಂದು ಸಂಘಟಕರು ಲೆಕ್ಕ ಕೊಟ್ಟರು. ಒಂದು ದಿನದ ಅಬ್ಬರಕ್ಕಿಂತ, ಹತ್ತನೆಯ, ಹದಿನೆಂಟನೆಯ, ಇಪ್ಪತ್ತಾರನೆಯ ತಾರೀಖು ಎಂದು ಉಸಿರು ತೆಗೆದುಕೊಳ್ಳಲು ಬಿಡುವು ಕೊಟ್ಟು ಕರೆದದ್ದು ಸರಿಯಾದ ಲೆಕ್ಕಾಚಾರವಾಗಿತ್ತು. ಮರುವರ್ಷ ಸೋಲ್‌ನಲ್ಲಿ ಒಲಿಂಪಿಕ್ಸ್ ಇತ್ತು. ಸೈನ್ಯವನ್ನು ಇಳಿಸಿದರೆ ಜಗತ್ತು ನೋಡುತ್ತದೆ ಎಂಬ ಅಳುಕು ಸರ್ಕಾರಕ್ಕೂ ಇತ್ತು. ತಮ್ಮ ಆಡಳಿತ ಯಾರ ಮುಂದೆ ಮರ್ಯಾದೆ ಕಳೆದುಕೊಳ್ಳಲು ಹೆದರುತ್ತದೆ ಎಂಬುದನ್ನು ಸಂಘಟಕರು ತಿಳಿದಿರಬೇಕು.

ಕೊನೆಯ ತಯಾರಿಯನ್ನು ಗೆಲ್ಲುವ ಮೊದಲೇ ಮಾಡಬೇಕು. ಜೂನ್ 29ರ ನಂತರ ಹೊಸ ಸಂವಿಧಾನದ ಮಾತುಕತೆಗೆ ಕುಳಿತವರು ಎರಡು ಪಕ್ಷಗಳ ಎಂಟು ರಾಜಕಾರಣಿಗಳು. ಬೀದಿಯಲ್ಲಿದ್ದ ಸಂಘಟನೆಗಳಿಗೆ ಅಲ್ಲಿ ಕುರ್ಚಿ ಇರಲಿಲ್ಲ. ಅಕ್ಟೋಬರ್ 27ರ ಜನಮತಗಣನೆಯಲ್ಲಿ ಶೇಕಡಾ 93ರಷ್ಟು ಮತದಾರರು ಅದನ್ನು ಒಪ್ಪಿದರು, ನೇರ ಚುನಾವಣೆಯೂ ಸಾಂವಿಧಾನಿಕ ನ್ಯಾಯಾಲಯವೂ ಬಂದವು. ಆದರೆ ಡಿಸೆಂಬರ್ ಚುನಾವಣೆಯಲ್ಲಿ ವಿರೋಧ ಪಾಳೆಯದ ನಾಯಕರಾದ ಕಿಮ್ ಯಂಗ್-ಸಾಮ್ ಮತ್ತು ಕಿಮ್ ಡೇ-ಜಂಗ್ ಬೇರೆ ಬೇರೆಯಾಗಿ ನಿಂತು ಮತ ಹಂಚಿಕೊಂಡರು, ರೋ ಟೇ-ವೂ ಶೇಕಡಾ 37ರಷ್ಟೂ ಮತವಿಲ್ಲದೆ ಗೆದ್ದರು. ಆದ್ದರಿಂದ ಕರಡಿನ ಮೇಜಿನಲ್ಲಿ ತಮ್ಮ ಪ್ರತಿನಿಧಿಗಳು ಯಾರು, ಯಾವ ಕಲಮುಗಳನ್ನು ಬಿಟ್ಟುಕೊಡುವುದಿಲ್ಲ, ಒಂದೇ ಅಭ್ಯರ್ಥಿಯ ಬಗ್ಗೆ ಪಕ್ಷಗಳಿಂದ ಯಾವ ಲಿಖಿತ ಒಪ್ಪಂದ ಬೇಕು ಎಂಬುದನ್ನು ಮೆರವಣಿಗೆ ತುಂಬಿ ತುಳುಕುತ್ತಿರುವಾಗಲೇ ಬರೆಸಿಕೊಳ್ಳಬೇಕು. ಬೀದಿ ಖಾಲಿಯಾದ ಮೇಲೆ ರಾಜಕಾರಣಿಗಳು ಸಹಿ ಹಾಕುವುದಿಲ್ಲ.