ವೃದ್ಧಾಶ್ರಮ ಕಟ್ಟುವಾಗ ಲಾರಿಗಿಂತ ತಟ್ಟೆ ಸದ್ದೇ ನನ್ನನ್ನು ಜಾಸ್ತಿ ಕಾಡಿತು

ಮೈಸೂರಿನ ಹೊರಗೆ, ಹೆದ್ದಾರಿ ಪಕ್ಕದ ಜಾಗದಲ್ಲಿ 28 ಕೋಣೆಗಳ ವೃದ್ಧಾಶ್ರಮಕ್ಕೆ ಪ್ಲಾನ್ ಮಾಡಿಕೊಡಿ ಅಂತ ಒಂದು ಟ್ರಸ್ಟಿನವರು ಕೇಳಿದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಚಿಂತೆ, ಲಾರಿ ಹಾರ್ನ್. 'ರಸ್ತೆ ಕಡೆ ಸಾಲಾಗಿ ಅಶೋಕ ಮರ ಹಾಕ್ಸಿಬಿಡಿ ಸರ್, ಸದ್ದು ನಿಲ್ಲುತ್ತೆ' ಅಂದರು ಟ್ರಸ್ಟಿಯೊಬ್ಬರು. ನಿಲ್ಲಲ್ಲ. ಒಂದು ಸಾಲು ಮರ ಕಣ್ಣಿಗೆ ತಂಪು, ಅಷ್ಟೇ. ಸದ್ದಿಗೆ ಅಡ್ಡ ನಿಲ್ಲಬೇಕಾದದ್ದು ಸಂದಿ ಇಲ್ಲದ ಭಾರದ ಗೋಡೆ. ಕಿಟಕಿಯಲ್ಲಿ ನಿಂತವರಿಗೆ ಲಾರಿ ಕಾಣದಷ್ಟು ಎತ್ತರ ಇದ್ದರೆ ಸುಮಾರು 5 ಡೆಸಿಬಲ್ ಇಳಿಯುತ್ತದೆ. ಅದೂ ನೆಲಮಹಡಿಗೆ ಮಾತ್ರ, ಮೇಲಿನ ಮಹಡಿಗೆ ಕಾಂಪೌಂಡ್ ಗೋಡೆಯಿಂದ ಏನೂ ಪ್ರಯೋಜನ ಇಲ್ಲ.

ಕಿಟಕಿಗೆ ಎರಡು ಪದರದ ಗಾಜು ಹಾಕಿ ಅಂದವರೂ ಇದ್ದರು. ಏಪ್ರಿಲ್ ತಿಂಗಳಲ್ಲಿ ಕಿಟಕಿ ಮುಚ್ಚಿಕೊಂಡು ಮಲಗೋರು ಯಾರು? ಹಾಗಾಗಿ ಸ್ಟೋರು, ಆಫೀಸು, ಮೆಟ್ಟಿಲು, ಕಾರಿಡಾರ್ ಎಲ್ಲ ರಸ್ತೆ ಕಡೆಗೆ ತಳ್ಳಿ, ಮಲಗುವ ಕೋಣೆಗಳನ್ನು ಹಿಂದಿನ ತೋಟದ ಕಡೆ ತಿರುಗಿಸಿದೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮೀರಬಾರದು ಅಂತ 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಹೆದ್ದಾರಿಗೆ ಅದನ್ನು ಓದಿ ಹೇಳೋರು ಯಾರೂ ಇಲ್ಲವಲ್ಲ.

ಇಷ್ಟು ಮಾಡಿ ಮುಗೀತು ಅಂದುಕೊಂಡಿದ್ದೆ. ಆಮೇಲೆ ಯಾಕೋ ಅನುಮಾನ ಬಂದು, ಮೊದಲೇ ನಡೆಯುತ್ತಿದ್ದ ಇನ್ನೊಂದು ಆಶ್ರಮಕ್ಕೆ ಹೋಗಿ ಕೇಳಿಕೊಂಡು ಒಂದು ರಾತ್ರಿ ಅಲ್ಲೇ ಮಲಗಿದೆ. ಎಚ್ಚರ ಆದಾಗಲೆಲ್ಲ ಯಾವ ಸದ್ದು ಅಂತ ನೋಟ್‌ಬುಕ್ಕಿನಲ್ಲಿ ಬರೆದೆ. ತಲೆದಿಂಬಿನ ಹಿಂದಿನ ಗೋಡೆಯೊಳಗೆ ಮೇಲಿನವರ ಫ್ಲಶ್ ನೀರು ಇಳಿಯುವುದು, ಕಬ್ಬಿಣದ ಅಗುಳಿ, ಪಕ್ಕದ ಕೋಣೆಯವರ ಕೆಮ್ಮು, ನರ್ಸ್ ಕೂರುವ ಜಾಗದ ಕರೆಗಂಟೆ, ನಾಲ್ಕೂವರೆಗೆ ಮೋಟಾರು, ಐದಕ್ಕೆ ಕುಕ್ಕರ್ ಕೂಗು. ಲಾರಿ ಅಂತ ಬರೆದದ್ದು ಎರಡೇ ಸಲ!

ಬೆಳಿಗ್ಗೆ ತಿಂಡಿಗೆ ಕೂತಾಗ ಪಕ್ಕದಲ್ಲಿದ್ದ ಅಜ್ಜಿಯನ್ನು ಮಾತಾಡಿಸಿದೆ. ಎರಡು ಸಲ ಕೇಳಿದರೂ ಉತ್ತರ ಇಲ್ಲ. ಮೂರನೇ ಸಲಕ್ಕೆ, 'ಕೇಳ್ಸುತ್ತೆ ಕಣಪ್ಪಾ, ಏನು ಅಂತ ಗೊತ್ತಾಗಲ್ಲ' ಅಂದರು. ನನ್ನ ಇಡೀ ಪ್ಲಾನ್ ತಿರುಗಿದ್ದು ಆ ಮಾತಿನಿಂದ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸದ್ದುಗಳನ್ನು. ಸ, ಶ, ತ ಇಂಥವೆಲ್ಲ ಮಸುಕಾಗುತ್ತವೆ, ಅ-ಆ-ಓ ಮಾತ್ರ ಉಳಿಯುತ್ತವೆ. ಇದರ ಮೇಲೆ ಟೈಲ್ಸ್ ನೆಲ, ಗಾರೆ ಗೋಡೆ, ಗ್ರಾನೈಟ್ ಮೇಜಿನ ಹಾಲ್ ಆದರೆ ಒಂದು ಪದದ ಗುಂಯ್‌ಗುಡುವಿಕೆ ಮುಗಿಯುವ ಮೊದಲೇ ಇನ್ನೊಂದು ಪದ ಅದರ ಮೇಲೆ ಬೀಳುತ್ತದೆ. ಶ್ರವಣಯಂತ್ರ ಹಾಕಿದರೆ ಸ್ಟೀಲ್ ತಟ್ಟೆ ಸದ್ದೂ ಜಾಸ್ತಿ ಆಗುತ್ತದೆ. ಅದಕ್ಕೇ ಸುಮಾರು ಜನ ಊಟದ ಹೊತ್ತಿಗೆ ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ.

ನಮ್ಮ ಊಟದ ಹಾಲ್ 12 ಮೀಟರ್ ಉದ್ದ, 8 ಅಗಲ, 3.3 ಎತ್ತರ. ಸದ್ದು ನಿಂತ ಮೇಲೂ ಗುಂಯ್ ಎಷ್ಟು ಹೊತ್ತು ಉಳಿಯುತ್ತದೆ ಅಂತ ಹೇಳುವ ಸಬೈನ್ ಸೂತ್ರದಲ್ಲಿ ಲೆಕ್ಕ ಹಾಕಿದೆ: 0.161 ಅನ್ನು ಕೋಣೆಯ ಗಾತ್ರದಿಂದ ಗುಣಿಸಿ, ಸದ್ದು ಹೀರುವ ಮೇಲ್ಮೈಯಿಂದ ಭಾಗಿಸಬೇಕು. ಏನೂ ಮಾಡದೆ ಬಿಟ್ಟರೆ ಆ ಗುಂಯ್ ಸುಮಾರು ಎರಡೂವರೆ ಸೆಕೆಂಡ್ ಎಳೆಯುತ್ತಿತ್ತು. ಸೀಲಿಂಗಿಗೆ 70 ಚದರ ಮೀಟರ್ ವುಡ್ ವುಲ್ ಬೋರ್ಡ್ (ಮರದ ಎಳೆಗಳಿಂದ ಮಾಡಿದ, ಸದ್ದು ಹೀರುವ ತೂತುತೂತಿನ ಹಲಗೆ) ಹಾಕಿದ್ದಕ್ಕೆ ಒಂದು ಸೆಕೆಂಡಿಗಿಂತ ಕೆಳಗೆ ಬಂತು. ಕುರ್ಚಿ ಕಾಲಿಗೆಲ್ಲ ರಬ್ಬರ್ ಬುಷ್, ತಟ್ಟೆ ತೊಳೆಯುವ ಜಾಗಕ್ಕೆ ಬಾಗಿಲು. ಇಡೀ ಕೆಲಸದಲ್ಲಿ ಅತಿ ಅಗ್ಗದ ಖರ್ಚು ಆ ಬುಷ್‌ಗಳದ್ದು.

ಕೋಣೆಗಳ ನಡುವೆ 9 ಇಂಚಿನ ಇಟ್ಟಿಗೆ ಗೋಡೆಯೇ ಬೇಕು, ಅದೂ ಸ್ಲ್ಯಾಬ್ ಮುಟ್ಟುವವರೆಗೆ ಅಂತ ಹಟ ಹಿಡಿದೆ. ಮೇಸ್ತ್ರಿ ಕಟ್ಟಿದ, ಚೆನ್ನಾಗೇ ಕಟ್ಟಿದ. ಆಮೇಲೆ ಎಲೆಕ್ಟ್ರಿಷಿಯನ್ ಬಂದು ಎರಡೂ ಕಡೆಯ ಸ್ವಿಚ್ ಬಾಕ್ಸ್‌ಗಳನ್ನು ಬೆನ್ನಿಗೆ ಬೆನ್ನು ಕೂರಿಸಿ ಗೋಡೆಯಲ್ಲಿ ಆರ್‌ಪಾರ್ ತೂತು ಮಾಡಿಟ್ಟ. ಹನ್ನೊಂದು ಕಡೆ ಮತ್ತೆ ಮುಚ್ಚಿಸಬೇಕಾಯಿತು. ಶೌಚಾಲಯದ ಪೈಪ್‌ಗಳೆಲ್ಲ ಕಾರಿಡಾರ್ ಕಡೆಯ ಡಕ್ಟ್‌ನಲ್ಲಿ, ಯಾವುದೂ ಮಂಚದ ತಲೆ ಕಡೆಯ ಗೋಡೆ ಮುಟ್ಟಿಲ್ಲ. ಗಾಲಿಕುರ್ಚಿ ಹೋಗಬೇಕಾದ್ದರಿಂದ ಹೊಸ್ತಿಲು ಇಡುವ ಹಾಗಿಲ್ಲ, ಬಾಗಿಲ ಕೆಳಗಿನ ಸಂದಿಗೆ ಬ್ರಷ್ ಪಟ್ಟಿ ಹಾಕಿದ್ದೇವೆ. ಕರೆಗಂಟೆ ಒತ್ತಿದರೆ ರಾತ್ರಿ ಹೊತ್ತು ಬಾಗಿಲ ಮೇಲೆ ದೀಪ ಹತ್ತಿಕೊಳ್ಳುತ್ತದೆ, ಡ್ಯೂಟಿಯಲ್ಲಿರುವ ಸಿಸ್ಟರ್ ಜೇಬಿನಲ್ಲಿರುವ ಪೇಜರ್ ನಡುಗುತ್ತದೆ. ಬೇರೆಯವರ ನಿದ್ದೆ ಕೆಡಲ್ಲ.

ಎರಡನೇ ವರ್ಷ ಯುಗಾದಿ ಮುಗಿದ ಮೇಲೆ ಹೋಗಿದ್ದೆ. ಹಾಲ್ ಒಳಗೆ ಕಾಲಿಟ್ಟ ತಕ್ಷಣ ಏನೋ ಸರಿ ಇಲ್ಲ ಅನಿಸಿತು. ಚಪ್ಪಾಳೆ ತಟ್ಟಿ ನೋಡಿದರೆ ಮತ್ತೆ ಅದೇ ಗುಂಯ್. ತಲೆ ಎತ್ತಿ ನೋಡಿದೆ, ಸೀಲಿಂಗ್ ಹಾಲಿನಷ್ಟು ಬೆಳ್ಳಗೆ ಹೊಳೆಯುತ್ತಿದೆ. 'ಹಬ್ಬಕ್ಕೆ ನೀಟಾಗಿರ್ಲಿ ಅಂತ ಎರಡು ಕೋಟ್ ಪೇಂಟ್ ಹೊಡೆಸಿದ್ವಿ ಸರ್' ಅಂದರು ಮ್ಯಾನೇಜರ್, ಖುಷಿಯಿಂದ. ಬೋರ್ಡಿನ ತೂತುಗಳೆಲ್ಲ ಪೇಂಟಿನಿಂದ ಮುಚ್ಚಿಹೋಗಿದ್ದವು. ತಪ್ಪು ಅವರದ್ದಲ್ಲ, ಬರೆದುಕೊಡದೆ ಬಂದ ನನ್ನದು. ಅರ್ಧಕ್ಕರ್ಧ ಬೋರ್ಡ್ ಬದಲಾಯಿಸಿದೆವು, ಒಂದಿಷ್ಟು ಖರ್ಚು ನಾನೂ ಹಾಕಿದೆ. ಈಗ ಯಾವ ಕಟ್ಟಡದ ಕೀಲಿ ಕೊಟ್ಟರೂ ಜೊತೆಗೆ ಕೊಡುವ ಫೈಲಿನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಸೀಲಿಂಗಿಗೆ ಪೇಂಟ್ ಹೊಡೆಯಬೇಡಿ, ಧೂಳು ಕಂಡರೆ ವ್ಯಾಕ್ಯೂಮ್ ಹಿಡಿಯಿರಿ.